ಗಡ್ಡೆ ತೆಗೆಯಲು ಗರ್ಭಚೀಲವನ್ನೇ ತೆಗೆಯಬೇಕೆ?

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ತಾವರಗೇರಾದಂಥ ಊರುಗಳಲ್ಲಿ ಮುಟ್ಟಿನ ದಿನಗಳಲ್ಲಿ ವಿಪರೀತ ರಕ್ತ ಹೋಗುವ ಹೆಣ್ಣುಮಗಳಿಗೆ ಸಿಗುವ ಸಲಹೆ ಎರಡೇ. ಮನೆಯ ಹಿರಿಯರು, ‘ಹೆಣ್ಣ ಜಲ್ಮ ಅಂದಮ್ಯಾಲ ಇದೆಲ್ಲಾ ಇರೂದ ಬೇ, ತಡಕೋಬೇಕು’ ಎನ್ನುತ್ತಾರೆ. ತಡೆದುಕೊಂಡು ತಡೆದುಕೊಂಡು ಸಾಕಾಗಿ ಒಂದು ದಿನ ಸ್ಕ್ಯಾನಿಂಗ್ ಮಾಡಿಸಿದರೆ, ‘ಚೀಲದಾಗ ಗಡ್ಡಿ ಐತಿ, ಚೀಲಾನ ತೆಗಸಿಬಿಡ್ರಿ’ ಎಂಬ ಮಾತು ಬರುತ್ತದೆ. ಒಂದು ಸಲಹೆ ಆಕೆಯ ನೋವನ್ನು ಲೆಕ್ಕಕ್ಕೇ ಇಡುವುದಿಲ್ಲ, ಇನ್ನೊಂದು ಆಕೆಯ ಅಂಗವನ್ನು ಲೆಕ್ಕಕ್ಕಿಡುವುದಿಲ್ಲ. ಇವೆರಡರ ನಡುವೆ ಮಾತ್ರೆಯಿಂದ ಹಿಡಿದು, ಹೊಟ್ಟೆ ಕೊಯ್ಯದೆ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯವರೆಗೆ ಹಲವು ದಾರಿಗಳಿವೆ. ಆ ದಾರಿಗಳ ಸುದ್ದಿ ನಮ್ಮ ಹೆಣ್ಣುಮಕ್ಕಳ ಕಿವಿಗೆ ಬೀಳುತ್ತಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ಗಡ್ಡೆಯ ವಿಷಯ. ಗರ್ಭಕೋಶದ ಗೋಡೆ ಬಲವಾದ ಸ್ನಾಯುವಿನಿಂದ ಆದದ್ದು. ಆ ಸ್ನಾಯುವಿನ ಒಂದು ಜೀವಕೋಶ ಎಲ್ಲೋ ಒಂದು ಕಡೆ ಅಂಕೆ ಮೀರಿ ಬೆಳೆಯತೊಡಗಿ ಗುಂಡಗೆ, ಗಟ್ಟಿಯಾಗಿ ಉಂಡೆಗಟ್ಟುತ್ತದೆ. ವೈದ್ಯರು ಅದನ್ನು ಫೈಬ್ರಾಯ್ಡ್ ಎನ್ನುತ್ತಾರೆ, ಪತ್ರಿಕೆಗಳಲ್ಲಿ ನಾರುಗಡ್ಡೆ ಎಂದೂ ಬರೆಯುವುದುಂಟು. ಅದು ಬೆಳೆಯುವುದು ಹೆಣ್ಣಿನ ದೇಹದಲ್ಲೇ ಇರುವ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಬಲದಿಂದ. ಮುಟ್ಟು ನಿಂತ ಮೇಲೆ ಈ ಹಾರ್ಮೋನುಗಳು ಇಳಿಯುವುದರಿಂದ ಗಡ್ಡೆಯೂ ಸಾಮಾನ್ಯವಾಗಿ ಕುಗ್ಗುತ್ತದೆ. 50 ವರ್ಷ ತುಂಬುವ ಹೊತ್ತಿಗೆ ಬಹುಪಾಲು ಹೆಂಗಸರ ಗರ್ಭಕೋಶದಲ್ಲಿ ಚಿಕ್ಕದೋ ದೊಡ್ಡದೋ ಗಡ್ಡೆ ಇದ್ದೇ ಇರುತ್ತದೆ ಎಂದು ಅಮೆರಿಕದಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ. ಅವರಲ್ಲಿ ಹೆಚ್ಚಿನವರಿಗೆ ಅದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೂ ಬೇಡ, ಆಗಾಗ ನೋಡಿಕೊಂಡಿದ್ದರೆ ಸಾಕು.

‘ಬಿಟ್ರ ಕ್ಯಾನ್ಸರ್ ಆಗ್ತೈತಿ’ ಎಂಬುದು ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಮಾತು. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಇಂದು ಇರುವ ಸಾಧಾರಣ ಗಡ್ಡೆ ನಾಳೆ ಕ್ಯಾನ್ಸರ್ ಆಗಿ ತಿರುಗುತ್ತದೆ ಎಂಬ ಲೆಕ್ಕಾಚಾರದ ಮೇಲೆ ಯಾರ ಗರ್ಭಕೋಶವನ್ನೂ ತೆಗೆಯಬೇಕಾಗಿಲ್ಲ. ಗಡ್ಡೆಯಂತೆ ಕಾಣುವ ಸಾರ್ಕೋಮಾ ಎಂಬ ಕ್ಯಾನ್ಸರ್ ಇದೆ ನಿಜ, ಆದರೆ ಅದು ಅತಿ ವಿರಳ. ಮುಟ್ಟು ನಿಂತ ಮೇಲೂ ಗಡ್ಡೆ ಬೆಳೆಯುತ್ತಿದ್ದರೆ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, 45 ದಾಟಿದವರಿಗೆ ರಕ್ತಸ್ರಾವ ಏರುಪೇರಾದರೆ ಆಗ ತಡಮಾಡದೆ ತಪಾಸಣೆ ಆಗಬೇಕು, ಗರ್ಭಕೋಶದ ಒಳಪದರದ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ಎಚ್ಚರಿಕೆ ಬೇಕಾದ ಕಡೆ ಎಚ್ಚರಿಕೆ ಇರಲಿ. ಭಯ ಹುಟ್ಟಿಸಿ ಸಹಿ ಹಾಕಿಸಿಕೊಳ್ಳುವುದಕ್ಕೂ ಎಚ್ಚರಿಕೆಗೂ ಸಂಬಂಧವಿಲ್ಲ.

ಗಡ್ಡೆ ಎಷ್ಟು ದೊಡ್ಡದು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಗರ್ಭಕೋಶದ ಒಳಕ್ಕೆ ಚಾಚಿಕೊಂಡ ಗಡ್ಡೆ 2 ಸೆಂಟಿಮೀಟರ್ ಇದ್ದರೂ ರಕ್ತ ಧಾರಾಕಾರ ಹೋಗಬಹುದು, ಗರ್ಭ ನಿಲ್ಲದಿರಬಹುದು. ಹೊರಮೈಗೆ ಅಂಟಿಕೊಂಡು ಬೆಳೆದ ಗಡ್ಡೆ 6-7 ಸೆಂಟಿಮೀಟರ್ ಆದರೂ ಮುಟ್ಟಿನಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣದೆ, ಮೂತ್ರಕ್ಕೆ ಪದೇ ಪದೇ ಹೋಗುವುದು, ಹೊಟ್ಟೆ ಭಾರ, ಸೊಂಟನೋವು ಇಷ್ಟರಲ್ಲೇ ಇರಬಹುದು. ಮೂರನೆಯದು ಗೋಡೆಯ ಒಳಗೇ ಹುದುಗಿರುವಂಥದ್ದು. ಹೀಗಾಗಿ ಸ್ಕ್ಯಾನಿಂಗ್ ವರದಿಯಲ್ಲಿ ‘ಗಡ್ಡೆ ಇದೆ’ ಎಂಬ ಒಂದು ಸಾಲು ಇದ್ದರೆ ಸಾಲದು. ಎಷ್ಟಿವೆ, ಎಷ್ಟು ದೊಡ್ಡವು, ಯಾವ ಪದರದಲ್ಲಿವೆ ಎಂಬುದು ಬರೆದಿರಬೇಕು. ಚಿಕಿತ್ಸೆಯ ದಾರಿ ನಿಶ್ಚಯವಾಗುವುದು ಅಲ್ಲಿಂದಲೇ.

ರಕ್ತ ಹೋಗುವುದು ಎಷ್ಟಾದರೆ ಹೆಚ್ಚು? ಗಂಟೆ, ಎರಡು ಗಂಟೆಗೊಮ್ಮೆ ಬಟ್ಟೆಯೋ ಪ್ಯಾಡೋ ಬದಲಿಸಬೇಕಾದರೆ, ಹೆಪ್ಪುಗಟ್ಟಿದ ರಕ್ತದ ದೊಡ್ಡ ಉಂಡೆಗಳು ಬೀಳುತ್ತಿದ್ದರೆ, ಎಂಟು ದಿನ ದಾಟಿದರೂ ನಿಲ್ಲದಿದ್ದರೆ, ರಾತ್ರಿ ಎದ್ದು ಹಾಸಿಗೆ ತೊಳೆಯಬೇಕಾದರೆ ಅದು ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲೇ ಮೈಯಲ್ಲಿ ರಕ್ತ ಕಡಿಮೆ, ಅದರ ಮೇಲೆ ತಿಂಗಳು ತಿಂಗಳೂ ಹೀಗೆ ಹೋದರೆ ಹಿಮೋಗ್ಲೋಬಿನ್ 7ಕ್ಕೋ 6ಕ್ಕೋ ಇಳಿಯುತ್ತದೆ. ಕಳೆ ತೆಗೆಯಲು ಹೊಲಕ್ಕೆ ಹೋದವಳು ಬದುವಿನ ಮೇಲೆ ಕೂತುಬಿಡುತ್ತಾಳೆ, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತದೆ. ಮನೆಯವರು ‘ಆಕಿಗೆ ಅಶಕ್ತಿ’ ಎಂದು ಸುಮ್ಮನಾಗುತ್ತಾರೆ.

ಇಂಥವಳಿಗೆ ಮೊದಲ ಚಿಕಿತ್ಸೆ ಕತ್ತರಿಯದಲ್ಲ, ಕಬ್ಬಿಣಾಂಶದ್ದು. ಮಾತ್ರೆಯ ಮೂಲಕ, ಅದು ಸಾಲದಿದ್ದರೆ ಸಲೈನಿನಲ್ಲಿ ಸೇರಿಸಿ ಕೊಡುವ ಕಬ್ಬಿಣಾಂಶದ ಮೂಲಕ ರಕ್ತ ಏರಿಸಬೇಕು. ಮುಟ್ಟಿನ ದಿನಗಳಲ್ಲಿ ರಕ್ತ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಇದೆ. ಹಾರ್ಮೋನ್ ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇದೆ. ಗಡ್ಡೆ ಒಳಭಾಗವನ್ನು ತೀರಾ ಕೆಡಿಸಿರದಿದ್ದರೆ ಈ ವಂಕಿ ವರ್ಷಗಟ್ಟಲೆ ರಕ್ತಸ್ರಾವವನ್ನು ಹತೋಟಿಯಲ್ಲಿಡುತ್ತದೆ. ಮುಟ್ಟು ನಿಲ್ಲಲು ಎರಡು ಮೂರು ವರ್ಷ ಉಳಿದಿರುವ ಹೆಂಗಸು ಹೀಗೆಯೇ ಆ ಕಾಲವನ್ನು ದಾಟಿಬಿಡಬಹುದು, ಆಪರೇಷನ್ನಿನ ಮಾತೇ ಬರುವುದಿಲ್ಲ.

ಔಷಧ ಸಾಲದೆ ಹೋದರೆ, ಅಥವಾ ಮಕ್ಕಳಾಗಬೇಕಾದವಳಿಗೆ ಗಡ್ಡೆ ಅಡ್ಡ ನಿಂತಿದ್ದರೆ, ಆಗ ಶಸ್ತ್ರಚಿಕಿತ್ಸೆ. ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನು ಮಾತ್ರ ತೆಗೆಯುವುದಕ್ಕೆ ಮಯೊಮೆಕ್ಟಮಿ ಎನ್ನುತ್ತಾರೆ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಲಂಡನ್ನಿನ ವಿಕ್ಟರ್ ಬಾನಿ ಎಂಬ ಶಸ್ತ್ರವೈದ್ಯ ಇದಕ್ಕಾಗಿ ಹಟ ಹಿಡಿದು ದುಡಿದರು. ಅವರ ಹೆಂಡತಿಯ ಗರ್ಭಕೋಶವನ್ನು ಇದೇ ಗಡ್ಡೆಗಳ ಕಾರಣದಿಂದ ತೆಗೆಯಬೇಕಾಗಿ ಬಂದಿತ್ತು, ದಂಪತಿಗೆ ಮಕ್ಕಳಾಗಲಿಲ್ಲ. ಗಡ್ಡೆಗಾಗಿ ಗರ್ಭಕೋಶವನ್ನೇ ಕಿತ್ತುಹಾಕುವುದು ಶಸ್ತ್ರವೈದ್ಯಕ್ಕೆ ಶೋಭೆಯಲ್ಲ ಎಂಬುದು ಅವರ ನಿಲುವಾಗಿತ್ತು. ರಕ್ತ ಹರಿಯದಂತೆ ಗರ್ಭಕೋಶದ ರಕ್ತನಾಳಗಳನ್ನು ಹಿಡಿದಿಡುವ ಇಕ್ಕಳವೊಂದು ಇಂದಿಗೂ ಅವರ ಹೆಸರಿನಲ್ಲೇ ಇದೆ. ಆಗ ಹೊಟ್ಟೆ ಕೊಯ್ಯದೆ ಬೇರೆ ದಾರಿ ಇರಲಿಲ್ಲ. 1970ರ ದಶಕದ ಕೊನೆಗೆ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕರ್ಟ್ ಸೆಮ್ ಸಣ್ಣ ರಂಧ್ರಗಳ ಮೂಲಕವೇ, ಅಂದರೆ ಲ್ಯಾಪ್ರೊಸ್ಕೋಪಿಯಿಂದಲೇ, ಗಡ್ಡೆ ತೆಗೆಯುವ ವಿಧಾನವನ್ನು ಪ್ರಕಟಿಸಿದರು. ಇದೆಲ್ಲ ಹುಚ್ಚುತನ ಎಂದು ಸಹೋದ್ಯೋಗಿಗಳು ಅವರನ್ನು ವಿರೋಧಿಸಿದ ಕಾಲವದು. ಇಂದು ಅದು ಪಠ್ಯಪುಸ್ತಕದ ಪಾಠ.

ಈ ಆಪರೇಷನ್ ಹೇಗೆ ನಡೆಯುತ್ತದೆ ಎಂಬುದನ್ನು ಹೆಣ್ಣುಮಕ್ಕಳು ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸುತ್ತಾರೆ. ಹೊಕ್ಕುಳಿನ ಹತ್ತಿರ ಸುಮಾರು 1 ಸೆಂಟಿಮೀಟರಿನ ಕೊಯ್ತ ಮಾಡಿ ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬುತ್ತಾರೆ, ಹೊಟ್ಟೆಯ ಗೋಡೆ ಮೇಲೆದ್ದು ಒಳಗೆ ಕೆಲಸ ಮಾಡಲು ಜಾಗವಾಗುತ್ತದೆ. ಅದೇ ರಂಧ್ರದಿಂದ ಬೆಳಕು ಮತ್ತು ಕ್ಯಾಮೆರಾ ಇರುವ ನಳಿಕೆ ಒಳಗಿಳಿಯುತ್ತದೆ, ಎದುರಿನ ಪರದೆಯ ಮೇಲೆ ಗರ್ಭಕೋಶ ದೊಡ್ಡದಾಗಿ ಕಾಣುತ್ತದೆ. ಕಿಬ್ಬೊಟ್ಟೆಯ ಅಕ್ಕಪಕ್ಕ ಅರ್ಧ ಸೆಂಟಿಮೀಟರಿನ ಇನ್ನೆರಡು ಮೂರು ರಂಧ್ರಗಳಿಂದ ಉದ್ದನೆಯ ಸಪೂರ ಉಪಕರಣಗಳನ್ನು ತೂರಿಸುತ್ತಾರೆ. ರಕ್ತನಾಳ ಸಂಕುಚಿತವಾಗಲೆಂದು ಗಡ್ಡೆಯ ಸುತ್ತ ವ್ಯಾಸೊಪ್ರೆಸಿನ್ ಎಂಬ ಔಷಧವನ್ನು ತೆಳುಮಾಡಿ ಚುಚ್ಚುತ್ತಾರೆ, ಆ ಜಾಗ ನೋಡನೋಡುತ್ತ ಬಿಳಿಚಿಕೊಳ್ಳುತ್ತದೆ. ಆಮೇಲೆ ಮೇಲ್ಪದರವನ್ನು ಸೀಳಿ, ತಿರುಪು ಮೊನೆಯ ಸಲಾಕೆಯನ್ನು ಗಡ್ಡೆಗೆ ತಿರುಗಿಸಿ ಹಿಡಿದು ಎಳೆಯುತ್ತಾರೆ. ಗಡ್ಡೆಗೂ ಗರ್ಭಕೋಶದ ಸ್ನಾಯುವಿಗೂ ನಡುವೆ ತೆಳುವಾದ ಪೊರೆ ಇರುವುದರಿಂದ, ಸರಿಯಾದ ಪದರ ಸಿಕ್ಕರೆ ಶೇಂಗಾಕಾಯಿಯಿಂದ ಬೀಜ ಬಿಡಿಸಿದಂತೆ ಗಡ್ಡೆ ಇಡಿಯಾಗಿ ಬಿಟ್ಟುಕೊಂಡು ಬರುತ್ತದೆ.

ನಿಜವಾದ ಕೈಚಳಕ ಇರುವುದು ಅದರ ನಂತರ. ಗಡ್ಡೆ ಬಿಟ್ಟುಹೋದ ಕುಳಿಯನ್ನು ಪದರ ಪದರವಾಗಿ, ಎಲ್ಲೂ ಟೊಳ್ಳು ಉಳಿಯದ ಹಾಗೆ ಹೊಲಿಯಬೇಕು. ಮುಂದೆ ಆಕೆ ಬಸುರಿಯಾದಾಗ ಗರ್ಭಕೋಶ ಹಿಗ್ಗಬೇಕಾದದ್ದು ಇದೇ ಹೊಲಿಗೆಯ ಮೇಲೆ. ಆದ್ದರಿಂದಲೇ ಇದು ಯಾರು ಬೇಕಾದರೂ ಮಾಡುವ ಆಪರೇಷನ್ ಅಲ್ಲ, ಪರದೆ ನೋಡುತ್ತ ಹೊಲಿಯುವುದರಲ್ಲಿ ಪಳಗಿದವರು ಬೇಕು. ತೆಗೆದ ಗಡ್ಡೆಯನ್ನು ಸಣ್ಣ ಸಂಚಿಯೊಂದರಲ್ಲಿ ಹಾಕಿ, ಅದರೊಳಗೇ ತುಂಡು ಮಾಡಿ ಹೊರತೆಗೆಯುವುದು ಕ್ಷೇಮ. ಅಕಸ್ಮಾತ್ ಅದು ಗುರುತಿಗೆ ಬಾರದ ಕ್ಯಾನ್ಸರ್ ಆಗಿದ್ದರೆ ಚೂರುಗಳು ಹೊಟ್ಟೆಯಲ್ಲಿ ಹರಡಬಾರದು ಎಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಎಲ್ಲ ಸರಿಹೋದರೆ ರೋಗಿ ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾಳೆ. ಅನಿಲದ ಕಾರಣ ಭುಜದಲ್ಲಿ ಒಂದೆರಡು ದಿನ ನೋವಿರುತ್ತದೆ, ಅದಕ್ಕೆ ಗಾಬರಿ ಬೇಡ. ಎರಡು ಮೂರು ವಾರದಲ್ಲಿ ಹಗುರ ಕೆಲಸಕ್ಕೆ ಮರಳಬಹುದು, ಭಾರ ಎತ್ತುವ ಕೆಲಸಕ್ಕೆ ವೈದ್ಯರು ಹೇಳುವವರೆಗೆ ಕಾಯಬೇಕು. ಹೊಟ್ಟೆ ಕೊಯ್ದು ಮಾಡುವ ವಿಧಾನದ ಜೊತೆ ಇದನ್ನು ಹೋಲಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2014ರಲ್ಲಿ ಪ್ರಕಟಿಸಿದ ವಿಮರ್ಶೆ, ಸಣ್ಣ ರಂಧ್ರದ ವಿಧಾನದಲ್ಲಿ ನೋವು ಕಡಿಮೆ, ಆಪರೇಷನ್ ನಂತರದ ಜ್ವರ ಕಡಿಮೆ, ಆಸ್ಪತ್ರೆಯ ದಿನಗಳು ಕಡಿಮೆ ಎಂದು ಹೇಳಿತು. ಕೂಲಿ ಮಾಡಿ ಉಣ್ಣುವ, ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುವ ಕುಷ್ಟಗಿ ಸೀಮೆಯ ಕುಟುಂಬಕ್ಕೆ ಈ ಕಡಿಮೆಯಾದ ದಿನಗಳ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಡ್ಡೆ ಗರ್ಭಕೋಶದ ಒಳಕ್ಕೆ ಚಾಚಿಕೊಂಡಿದ್ದರೆ ಇನ್ನೂ ಸುಲಭದ ದಾರಿ ಇದೆ, ಹಿಸ್ಟಿರೋಸ್ಕೋಪಿ. ಇದರಲ್ಲಿ ಹೊಟ್ಟೆಯ ಮೇಲೆ ಒಂದು ಗೀರೂ ಬೀಳುವುದಿಲ್ಲ. ಯೋನಿಮಾರ್ಗದಿಂದ ಸಪೂರ ನಳಿಕೆಯನ್ನು ಗರ್ಭಕೋಶದೊಳಕ್ಕೆ ಇಳಿಸಿ, ದ್ರವ ತುಂಬಿ ಹಿಗ್ಗಿಸಿ, ಗಡ್ಡೆಯನ್ನು ಚೂರು ಚೂರಾಗಿ ಹೆರೆದು ತೆಗೆಯುತ್ತಾರೆ. ಅನೇಕರು ಅದೇ ದಿನ ಮನೆಗೆ ಹೋಗುತ್ತಾರೆ. ಶಸ್ತ್ರಚಿಕಿತ್ಸೆಯೇ ಬೇಡವೆಂದರೆ, ತೊಡೆಸಂದಿನ ಅಥವಾ ಕೈಯ ರಕ್ತನಾಳದಿಂದ ತಂತಿಯಷ್ಟು ಸಣ್ಣ ನಳಿಕೆ ಕಳಿಸಿ, ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಮುಚ್ಚಿ ಗಡ್ಡೆಯನ್ನು ಒಣಗಿಸುವ ವಿಧಾನವೂ ಇದೆ. 1995ರಲ್ಲಿ ಪ್ಯಾರಿಸ್ಸಿನ ವೈದ್ಯರು ಇದರ ಫಲಿತಾಂಶವನ್ನು ಜಗತ್ತಿಗೆ ತಿಳಿಸಿದರು. ನಮ್ಮಲ್ಲಿ ಇದು ದೊಡ್ಡ ನಗರಗಳಲ್ಲೇ ಹೆಚ್ಚಾಗಿ ಸಿಗುತ್ತದೆ.

ಇವುಗಳ ಮಿತಿಯನ್ನೂ ಹೇಳಬೇಕು. ಗಡ್ಡೆ ತೆಗೆದರೂ ಗರ್ಭಕೋಶ ಉಳಿದಿರುವುದರಿಂದ ಹೊಸ ಗಡ್ಡೆಗಳು ಹುಟ್ಟಬಹುದು. ಹೆಚ್ಚು ರಕ್ತ ಹೋದರೆ ಅಥವಾ ಒಳಗೆ ಅಂಟಿಕೊಂಡದ್ದು ಬಿಡಿಸಲಾಗದಿದ್ದರೆ ನಡುವೆಯೇ ಹೊಟ್ಟೆ ಕೊಯ್ಯಬೇಕಾಗಬಹುದು. ಗರ್ಭ ಧರಿಸಲು ವೈದ್ಯರು ಹೇಳಿದಷ್ಟು ತಿಂಗಳು ಕಾಯಬೇಕು, ಆಳವಾದ ಗಡ್ಡೆ ತೆಗೆದಿದ್ದರೆ ಹೆರಿಗೆ ಸಿಸೇರಿಯನ್ ಆಗಬಹುದು, ಆ ವಿಷಯ ಹೆರಿಗೆ ಮಾಡಿಸುವ ವೈದ್ಯರಿಗೆ ಗೊತ್ತಿರಲೇಬೇಕು. ಹತ್ತಾರು ಗಡ್ಡೆಗಳಿಂದ ಗರ್ಭಕೋಶ ಹೊಟ್ಟೆ ತುಂಬ ಬೆಳೆದಿದ್ದರೆ ಕೊಯ್ದು ತೆಗೆಯುವುದೇ ಲೇಸು. ಮಕ್ಕಳಾಗಿ, ವಯಸ್ಸಾಗಿ, ಔಷಧಗಳನ್ನೆಲ್ಲ ನೋಡಿ ಸಾಕಾದ ಹೆಂಗಸು ಎಲ್ಲ ತಿಳಿದು ‘ನನಗೆ ಚೀಲ ತೆಗೆಸುವುದೇ ಬೇಕು’ ಎಂದರೆ ಅದೂ ಸರಿಯಾದ ತೀರ್ಮಾನವೇ. ಅದನ್ನೂ ಯೋನಿಮಾರ್ಗದಿಂದಲೋ ಲ್ಯಾಪ್ರೊಸ್ಕೋಪಿಯಿಂದಲೋ ಮಾಡಲು ಬಹಳಷ್ಟು ಸಲ ಸಾಧ್ಯವಿದೆ. ಗರ್ಭಕೋಶ ತೆಗೆಯುವುದು ತಪ್ಪಲ್ಲ. ಬೇರೆ ದಾರಿಗಳಿವೆ ಎಂದು ಹೇಳದೆ ತೆಗೆಯುವುದು ತಪ್ಪು.

ಆ ತಪ್ಪು ನಮ್ಮ ನೆರೆಯಲ್ಲೇ ನಡೆದಿದೆ. ಕಲಬುರಗಿ ಜಿಲ್ಲೆಯಲ್ಲಿ ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಭಯ ಹುಟ್ಟಿಸಿ ಗರ್ಭಕೋಶ ತೆಗೆದ ಪ್ರಕರಣಗಳು 2015ರಲ್ಲಿ ಬಯಲಿಗೆ ಬಂದವು. ಹಾಗೆ ಗರ್ಭಕೋಶ ಕಳೆದುಕೊಂಡವರ ಸಂಖ್ಯೆ ಎರಡು ಸಾವಿರ ದಾಟಿತ್ತು, ಅವರಲ್ಲಿ ಬಹಳ ಮಂದಿ 40 ತುಂಬದವರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಇದರ ವಿರುದ್ಧ ದನಿ ಎತ್ತಿದ ಮೇಲೆ ತನಿಖೆ ನಡೆಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಭಾಗದ ಹೆಣ್ಣುಮಕ್ಕಳೂ ಇದೇ ಅನ್ಯಾಯಕ್ಕೆ ಪರಿಹಾರ ಕೇಳಿ ಬೀದಿಗಿಳಿದರು. ಮೂವತ್ತೈದಕ್ಕೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ಕಳೆದುಕೊಂಡವಳಿಗೆ ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಎಲುಬು ಸವೆಯುವುದು, ಹೃದಯದ ತೊಂದರೆ ಎಲ್ಲವೂ ಕಾಲಕ್ಕೆ ಮೊದಲೇ ಬೆನ್ನು ಹತ್ತುತ್ತವೆ. ಅಂಡಾಶಯ ಉಳಿಸಿದರೂ ಅವು ಬೇಗ ಸೋಲಬಹುದು.

ಬಿಹಾರ, ಛತ್ತೀಸಗಡ, ರಾಜಸ್ಥಾನಗಳ ಇಂಥದೇ ಪ್ರಕರಣಗಳನ್ನು ಮುಂದಿಟ್ಟು ಡಾ. ನರೇಂದ್ರ ಗುಪ್ತಾ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂಬುದು ಅದರ ಆದೇಶ. ಜಿಲ್ಲಾ ಮಟ್ಟದಲ್ಲಿ ನಿಗಾ ಸಮಿತಿ ಇರಬೇಕು, ಗರ್ಭಕೋಶ ತೆಗೆದ ಪ್ರತಿ ಮಹಿಳೆಯ ವಯಸ್ಸು, ಕಾರಣ ದಾಖಲಾಗಬೇಕು, 40 ತುಂಬದವರ ವಿಷಯದಲ್ಲಿ ವಿಶೇಷ ಪರಿಶೀಲನೆ ಆಗಬೇಕು. ಕೊಪ್ಪಳ ಜಿಲ್ಲೆಯ ಜನಪ್ರತಿನಿಧಿಗಳು ಪ್ರಗತಿ ಪರಿಶೀಲನೆಯ ಕೆಡಿಪಿ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳಲ್ಲಿ, ಇದೆಲ್ಲ ಜಾರಿಯಾಗಿದೆಯೇ ಎಂಬುದೂ ಒಂದು.

ಲ್ಯಾಪ್ರೊಸ್ಕೋಪಿ ಎಂಬುದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಕುಟುಂಬ ಯೋಜನೆಯ ಕ್ಯಾಂಪುಗಳಲ್ಲಿ ದಶಕಗಳಿಂದ ಹೆಣ್ಣುಮಕ್ಕಳ ಹೊಕ್ಕುಳಿನ ಹತ್ತಿರ ಇದೇ ನಳಿಕೆ ಇಳಿದಿದೆ. ಕರ್ನಾಟಕದಲ್ಲಿ 15ರಿಂದ 49ರ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಕ್ಕಳಾಗದಂತೆ ಮಾಡಲು ತಾಲ್ಲೂಕಿನವರೆಗೆ ನಡೆದು ಬಂದ ತಂತ್ರ, ಅದೇ ಹೆಣ್ಣುಮಗಳ ಗರ್ಭಕೋಶವನ್ನು ಉಳಿಸುವ ಹೊತ್ತಿಗೆ ನಗರದಲ್ಲೇ ನಿಂತುಬಿಟ್ಟಿದೆ. ಇದಕ್ಕೆ ಉಪಕರಣದ ಕೊರತೆಗಿಂತ ಆದ್ಯತೆಯ ಕೊರತೆ ಕಾರಣ ಎಂದೇ ನಾನು ನಂಬಿದ್ದೇನೆ.

ತಾವರಗೇರಾದವರು ಇಂಥ ಶಸ್ತ್ರಚಿಕಿತ್ಸೆಗೆ ಕುಷ್ಟಗಿ ದಾಟಿ ಕೊಪ್ಪಳಕ್ಕೆ ಬರಬೇಕು. 2015ರಲ್ಲಿ ಶುರುವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಜಿಲ್ಲೆಯ ಸರಕಾರಿ ಬೋಧನಾ ಆಸ್ಪತ್ರೆ. ಅಲ್ಲಿಂದ ಮುಂದೆ ಹುಬ್ಬಳ್ಳಿ, ಬಳ್ಳಾರಿ, ಕಲಬುರಗಿಯ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಹಳೆಯ ಸ್ಕ್ಯಾನಿಂಗ್ ವರದಿ ಒಯ್ಯಿರಿ. ತಮಗೆ ಬೇಕಾದ ಆಪರೇಷನ್ ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಪತ್ರ ಬೇಕೇ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಮೊದಲೇ ಕೇಳಿಕೊಳ್ಳಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲ, ಅನಿಲ ತುಂಬುವ ಯಂತ್ರವಿಲ್ಲ ಎಂಬ ಮಾತು ಬರುತ್ತದೆ. ಅದಕ್ಕೂ ನಮ್ಮ ದೇಶದಲ್ಲೇ ಉತ್ತರ ಹುಡುಕಿದವರಿದ್ದಾರೆ. ಗ್ರಾಮೀಣ ಶಸ್ತ್ರವೈದ್ಯ ಡಾ. ಜೆ. ಜ್ಞಾನರಾಜ್ ಮತ್ತು ಸಂಗಡಿಗರು ಅನಿಲವೇ ಇಲ್ಲದೆ, ಹೊಟ್ಟೆಯ ಗೋಡೆಯನ್ನು ಬಳೆಯಾಕಾರದ ಸಾಧನದಿಂದ ಮೇಲೆತ್ತಿ ಹಿಡಿದು, ಬೆನ್ನಿಗೆ ಕೊಡುವ ಅರಿವಳಿಕೆಯಲ್ಲೇ ಲ್ಯಾಪ್ರೊಸ್ಕೋಪಿ ಮಾಡುವ ವಿಧಾನವನ್ನು ಈಶಾನ್ಯ ರಾಜ್ಯಗಳ ಸಣ್ಣ ಆಸ್ಪತ್ರೆಗಳಲ್ಲಿ ಬೆಳೆಸಿದರು. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯ ಅವರ ಜೊತೆ ಸೇರಿ ಸಾಧನವನ್ನು ಸುಧಾರಿಸಿತು. ಗುಡ್ಡಗಾಡಿನಲ್ಲಿ ಆದದ್ದು ಕುಷ್ಟಗಿಯಲ್ಲಿ ಆಗದ ಕೆಲಸವಲ್ಲ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕದ ಅನುದಾನದಲ್ಲಿ ತಾಲ್ಲೂಕು ಆಸ್ಪತ್ರೆಗೊಂದು ಲ್ಯಾಪ್ರೊಸ್ಕೋಪಿ ಘಟಕ, ಸ್ತ್ರೀರೋಗ ತಜ್ಞರಿಗೆ ತರಬೇತಿ, ಒಬ್ಬ ಕಾಯಂ ಅರಿವಳಿಕೆ ತಜ್ಞ, ಇಷ್ಟಕ್ಕೆ ಜಾಗವಿಲ್ಲವೆಂದರೆ ಆ ಅನುದಾನ ಇನ್ನಾರಿಗಾಗಿ?

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹೆಣ್ಣುಮಗಳಿಗೆ ಗರ್ಭಕೋಶ ತೆಗೆಸಬೇಕು ಎಂದು ಯಾರಾದರೂ ಹೇಳಿದರೆ, ಸಹಿ ಹಾಕುವ ಮೊದಲು ಐದು ಪ್ರಶ್ನೆ ಕೇಳಿ. ಗಡ್ಡಿ ಎಷ್ಟವ, ಎಲ್ಲ್ಯವ, ಎಷ್ಟ ದೊಡ್ಡವ? ಈಕಿ ತ್ರಾಸಕ್ಕ ಅವ ಕಾರಣ ಏನ್ರಿ? ಗುಳಿಗಿ, ವಂಕಿ ಹಾಕಿ ನೋಡಬಹುದೇನ್ರಿ? ಹೊಟ್ಟಿ ಕೊಯ್ಯದ ಗಡ್ಡಿ ಅಷ್ಟ ತೆಗಿಲಿಕ್ಕೆ ಬರ್ತೈತೇನ್ರಿ? ಚೀಲ ತೆಗಿಲೇಬೇಕಂದ್ರ ಅಂಡಾಶಯ ಉಳಿಸ್ತೀರೇನ್ರಿ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಯಾರಿಗೂ ಮಾಡುವ ಅವಮಾನವಲ್ಲ, ಅದು ರೋಗಿಯ ಹಕ್ಕು. ಫೈಬ್ರಾಯ್ಡ್ ಗಡ್ಡೆ ಬಹುತೇಕ ಎಂದೂ ನಾಳೆ ಬೆಳಿಗ್ಗೆಯೇ ಆಪರೇಷನ್ ಆಗಬೇಕಾದ ಕಾಯಿಲೆಯಲ್ಲ. ರಕ್ತ ಏರಿಸಿಕೊಂಡು, ವಿಚಾರಿಸಿಕೊಂಡು, ಆಕೆಯ ಮಾತನ್ನೂ ಕೇಳಿಕೊಂಡು ತೀರ್ಮಾನಿಸಲು ಸಮಯವಿದೆ. ಆ ಸಮಯವನ್ನು ಆಕೆಗೆ ಕೊಡಿ.